ಮ್ಯಾಗ್ನಮ್ ರಿವಾಲ್ವರ್ ಆಯ್ಕೆ: ಕ್ಯಾಲಿಬರ್ ತೀರ್ಮಾನ ಕೊನೆಗಿರಲಿ

ಅಮೆರಿಕದಲ್ಲಿ ಶಿಕಾರಿಗೆಂದೋ ಕಾಡಿನ ಚಾರಣಕ್ಕೆಂದೋ ದುಬಾರಿ ಮ್ಯಾಗ್ನಮ್ ರಿವಾಲ್ವರ್ ಕೊಳ್ಳಲು ಹೊರಟವರು ಬಹುಪಾಲು ಕ್ಯಾಲಿಬರ್‌ನಿಂದಲೇ ಯೋಚನೆ ಶುರುಮಾಡುತ್ತಾರೆ, ಅಂದರೆ ಅಂಗುಲದ ಲೆಕ್ಕದಲ್ಲಿ ಗುಂಡಿನ ಸರಿಸುಮಾರು ಅಗಲದಿಂದ. .44 ಸಾಕೇ, .454 ಬೇಕೇ, ಕರಡಿಗಳಿರುವ ಸೀಮೆ ಅಂದಮೇಲೆ .500 ತೆಗೆದುಕೊಳ್ಳುವುದೇ ಮೇಲೇ? ನನ್ನ ಪ್ರಕಾರ ಆ ಅಂಕಿ ಕೊನೆಗೆ ತೀರ್ಮಾನವಾಗಬೇಕಾದದ್ದು. ಆಯುಧವನ್ನು ಯಾವ ಕೆಲಸಕ್ಕೆ ಒಯ್ಯುತ್ತೀರಿ, ದಿನವಿಡೀ ಎಷ್ಟು ತೂಕ ಹೊರಬಲ್ಲಿರಿ, ಗುಂಡು ಹಾರಿದಾಗ ಆಯುಧ ಹಿಂದಕ್ಕೆ ಕೊಡುವ ಒದೆತವನ್ನು ನಿಮ್ಮ ಕೈ ಎಷ್ಟು ತಾಳಿಕೊಂಡು ಮತ್ತೆ ಗುರಿಗೆ ಮರಳಬಲ್ಲದು ಎಂಬುದು ಮೊದಲು ಇತ್ಯರ್ಥವಾದರೆ ಕ್ಯಾಲಿಬರ್ ತಾನಾಗಿಯೇ ಒಂದೆರಡಕ್ಕೆ ಇಳಿಯುತ್ತದೆ. ಈ ಕ್ರಮ ತಲೆಕೆಳಗಾದರೆ ಎರಡು ಮೂರು ಸಾವಿರ ಡಾಲರ್ ಸುರಿದು ತಂದ ರಿವಾಲ್ವರ್ ಒಂದು ಪೆಟ್ಟಿಗೆ ತೋಟಾ ಮುಗಿಯುವ ಮೊದಲೇ ಕಪಾಟು ಸೇರುತ್ತದೆ.

ಮ್ಯಾಗ್ನಮ್ ಎನ್ನುವುದು ಹೆಚ್ಚು ಬಿರುಸಿನ ತೋಟಾದ ಬಗೆ, ರಿವಾಲ್ವರಿನ ಬಗೆಯಲ್ಲ. 1935ರಲ್ಲಿ ಸ್ಮಿತ್ ಅಂಡ್ ವೆಸನ್ ಮತ್ತು ವಿಂಚೆಸ್ಟರ್ ಕಂಪನಿಗಳು ಮೊದಲ .357 ಮ್ಯಾಗ್ನಮ್ ಹೊರತಂದವು. ಆಗ ಪೊಲೀಸರ ಸೊಂಟದಲ್ಲಿ ಸಾಮಾನ್ಯವಾಗಿದ್ದ .38 ಸ್ಪೆಷಲ್ ತೋಟಾದ ಹಿತ್ತಾಳೆ ಕೊಳವೆಯನ್ನು ಸುಮಾರು 3 ಮಿಲಿಮೀಟರ್ ಉದ್ದ ಮಾಡಿ, ಒಳಗಿನ ಒತ್ತಡವನ್ನು ಬಹಳ ಏರಿಸಿದರು. ಉದ್ದ ಮಾಡಿದ್ದಕ್ಕೆ ಮುಖ್ಯ ಕಾರಣ ಸುರಕ್ಷತೆ: ಹೊಸ ಬಿರುಸಿನ ತೋಟಾ ಹಳೆಯ ದುರ್ಬಲ ರಿವಾಲ್ವರ್‌ಗಳೊಳಗೆ ಹೊಗಬಾರದು. .44 ಮ್ಯಾಗ್ನಮ್‌ನ ಕಥೆಯೂ ಇಂಥದ್ದೇ. ಐಡಾಹೊ ರಾಜ್ಯದ ಶಿಕಾರಿ, ಬಂದೂಕಿನ ಬರಹಗಾರ ಎಲ್ಮರ್ ಕೀತ್ ವರ್ಷಗಟ್ಟಲೆ .44 ಸ್ಪೆಷಲ್ ತೋಟಾಗಳಿಗೆ ಹೆಚ್ಚು ಮದ್ದು ತುಂಬಿ ಪರೀಕ್ಷಿಸುತ್ತ, ಕಾರ್ಖಾನೆಗಳೂ ಅಂಥ ತೋಟಾ ಮಾಡಬೇಕೆಂದು ಬೆನ್ನುಬಿದ್ದಿದ್ದರು. .45ಕ್ಕಿಂತ .44ರ ಮೇಲೆ ಅವರಿಗೆ ಒಲವಿದ್ದುದಕ್ಕೆ ಕಾರಣ ಸರಳ. ತೋಟಾಗಳು ಕೂರುವ, ಅದೇ ಅಳತೆಯ ಸಿಲಿಂಡರ್‌ನಲ್ಲಿ ಸ್ವಲ್ಪ ಸಣ್ಣ ರಂಧ್ರ ಕೊರೆದರೆ ಗೋಡೆ ದಪ್ಪ ಉಳಿಯುತ್ತದೆ. ಕಡೆಗೆ ಸ್ಮಿತ್ ಅಂಡ್ ವೆಸನ್ ಮತ್ತು ರೆಮಿಂಗ್ಟನ್ ಸೇರಿ 1955ರ ಕೊನೆಗೆ .44 ಮ್ಯಾಗ್ನಮ್ ಸಿದ್ಧಪಡಿಸಿದವು. ಮರುವರ್ಷವೇ ರೂಗರ್ ಕಂಪನಿ ಅದೇ ತೋಟಾಕ್ಕೆ ಬ್ಲ್ಯಾಕ್‌ಹಾಕ್ ರಿವಾಲ್ವರ್ ಮಾರುಕಟ್ಟೆಗೆ ತಂದಿತು.

ಶಕ್ತಿಯ ಅಂದಾಜಿಗೆ ಕೆಲವು ಅಂಕಿಗಳು ಬೇಕು. .357 ಮ್ಯಾಗ್ನಮ್‌ನ 158 ಗ್ರೇನ್ ಗುಂಡು, ಅಂದರೆ ಸುಮಾರು 10 ಗ್ರಾಂ, ನಳಿಗೆಯ ಬಾಯಿಂದ ಹೊರಡುವಾಗ 700 ಜೂಲ್ ಆಸುಪಾಸಿನ ಶಕ್ತಿ ಹೊತ್ತಿರುತ್ತದೆ. .44 ಮ್ಯಾಗ್ನಮ್‌ನ 240 ಗ್ರೇನ್ ಗುಂಡಿನದು ಅದರ ಇಮ್ಮಡಿ, ಸುಮಾರು 1,400 ಜೂಲ್. .454 ಕ್ಯಾಸಲ್ 2,300 ಜೂಲ್ ದಾಟುತ್ತದೆ. 2003ರಲ್ಲಿ ಬಂದ .500 ಸ್ಮಿತ್ ಅಂಡ್ ವೆಸನ್ 3,400 ಜೂಲ್‌ನ ಹತ್ತಿರ ಬರುತ್ತದೆ. ಭಾರತದಲ್ಲಿ ಪರವಾನಗಿ ಪಡೆದವರು ಸಾಮಾನ್ಯವಾಗಿ ಇಟ್ಟುಕೊಳ್ಳುವ ಕಾನ್ಪುರದ .32 ರಿವಾಲ್ವರ್‌ಗೆ ಹೋಲಿಸಿದರೆ .44 ಮ್ಯಾಗ್ನಮ್‌ನ ಶಕ್ತಿ ಎಂಟು ಪಟ್ಟಿಗೆ ಕಡಿಮೆಯಿಲ್ಲ. ನಮ್ಮಲ್ಲಿ ರಿವಾಲ್ವರ್ ನೋಡಿ ಬಲ್ಲವರು ಕೂಡ ಅದೇ ಅಂದಾಜಿನಲ್ಲಿ ಮ್ಯಾಗ್ನಮ್ ಹಿಡಿಯಬಾರದು ಎನ್ನುವುದು ಇದಕ್ಕೇ.

ಈಗ ಕೆಲಸದ ವಿಷಯ. ಶಿಕಾರಿಯ ರಿವಾಲ್ವರ್ ಮತ್ತು ಮೃಗಗಳಿಂದ ಕಾವಲಿಗೆಂದು ಸೊಂಟಕ್ಕೋ ಎದೆಗೋ ಕಟ್ಟಿಕೊಂಡು ತಿರುಗುವ ರಿವಾಲ್ವರ್ ಒಂದೇ ಆಗಬೇಕು ಎಂಬ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಈ ಎರಡು ಕೆಲಸಗಳು ಆಯುಧವನ್ನು ಎರಡು ದಿಕ್ಕಿಗೆ ಎಳೆಯುತ್ತವೆ. ಶಿಕಾರಿಗೆ ಉದ್ದ ನಳಿಗೆ ಬೇಕು, ತೂಕ ಬೇಕು, ದುರ್ಬೀನು ಕೂರಿಸಲು ಜಾಗ ಬೇಕು. ಕಾವಲಿಗೆ ಗಿಡ್ಡ ನಳಿಗೆ ಬೇಕು, ಹಗುರ ಬೇಕು, ಚೀಲದಿಂದ ಹೊರತೆಗೆಯುವಾಗ ಏನೂ ತೊಡರಬಾರದು. ಎರಡನ್ನೂ ಒಂದರಲ್ಲಿ ಹುಡುಕುವವರು ಸಾಮಾನ್ಯವಾಗಿ ಆರು ಅಂಗುಲದ ನಳಿಗೆಗೆ ಬಂದು ನಿಲ್ಲುತ್ತಾರೆ. ಅದು ಶಿಕಾರಿಗೆ ಪರವಾಗಿಲ್ಲ, ಕಾವಲಿಗೆ ಉದ್ದ. ನನ್ನನ್ನು ಕೇಳಿದರೆ, ಬೇಟೆಯ ಹಂಗಾಮಿನಲ್ಲಿ ವಾರಗಟ್ಟಲೆ ಕಾಡಿನಲ್ಲಿರುವವರು ಮಾತ್ರ ಉದ್ದದ್ದನ್ನು ಆರಿಸಲಿ. ಉಳಿದವರಿಗೆ ನಾಲ್ಕು ಅಂಗುಲದ್ದೇ ಸರಿ.

ಶಿಕಾರಿಯಲ್ಲಿ ನಿಜವಾದ ಮಿತಿ ತೋಟಾದ್ದಲ್ಲ, ಹೊಡೆಯುವವನದು. ಬಿಳಿಬಾಲದ ಜಿಂಕೆಯ ಹೃದಯ, ಶ್ವಾಸಕೋಶಗಳಿರುವ ಭಾಗ ಸುಮಾರು 20 ಸೆಂಟಿಮೀಟರ್ ಅಗಲದ ಊಟದ ತಟ್ಟೆಯಷ್ಟು. ಅಷ್ಟಗಲದ ಕಾಗದದ ತಟ್ಟೆಯೊಂದನ್ನು ನೆಟ್ಟು, ಆಸರೆಯಿಲ್ಲದೆ ನಿಂತು ಅಥವಾ ಮೊಣಕಾಲೂರಿ, ಸಿಲಿಂಡರ್‌ನ ಎಲ್ಲ ಗುಂಡುಗಳನ್ನೂ ತಪ್ಪದೆ ಒಳಗೆ ಹಾಕಬಲ್ಲ ದೂರವೇ ಅವನ ಬೇಟೆಯ ದೂರ. ತೆರೆದ ಗುರಿಮುಳ್ಳುಗಳಿಂದ ಬಹಳ ಮಂದಿಗೆ ಅದು 45 ಮೀಟರ್ ದಾಟುವುದಿಲ್ಲ. ದುರ್ಬೀನು ಹಾಕಿ, ಒರಗಿ ಹೊಡೆದರೆ ನುರಿತವರು 90 ಮೀಟರ್‌ವರೆಗೆ ಹೋಗುತ್ತಾರೆ. .44ರಿಂದ 25 ಮೀಟರ್‌ನಲ್ಲೇ ತಟ್ಟೆ ತಪ್ಪಿಸುವವನ ಕೈಗೆ .500 ಕೊಟ್ಟರೆ ಅವನ ದೂರ ಇನ್ನೂ ಕಡಿಮೆಯಾಗುತ್ತದೆ, ಏಕೆಂದರೆ ಒದೆತಕ್ಕೆ ಅಂಜಿದ ಕೈ ಟ್ರಿಗರ್ ಎಳೆಯುವ ಮೊದಲೇ ಬಿಗಿದು ನಳಿಗೆಯನ್ನು ಕೆಳಕ್ಕೆ ತಳ್ಳುತ್ತದೆ. ಗಾಯಗೊಂಡ ಮಿಕ ಕಾಡಿನಲ್ಲಿ ನರಳಿ ಸಾಯುವುದು ಶಿಕಾರಿಯಲ್ಲಿ ನಡೆಯಬಹುದಾದ ಅತ್ಯಂತ ಕೆಟ್ಟ ಸಂಗತಿ. ಅದನ್ನು ತಡೆಯುವುದು ಗುಂಡು ಬಿದ್ದ ಜಾಗವೇ ಹೊರತು ಜೂಲ್‌ಗಳ ಲೆಕ್ಕವಲ್ಲ.

ಒದೆತದ ಲೆಕ್ಕ ಶಾಲೆಯ ಭೌತಶಾಸ್ತ್ರದ್ದೇ. ಗುಂಡು ಮತ್ತು ಮದ್ದಿನ ಅನಿಲ ಮುಂದಕ್ಕೆ ಒಯ್ಯುವ ಸಂವೇಗದಷ್ಟೇ ಸಂವೇಗ ರಿವಾಲ್ವರಿಗೆ ಹಿಂದಕ್ಕೆ ಬರುತ್ತದೆ. ಅದೇ ತೋಟಾ ಇಟ್ಟುಕೊಂಡು ಆಯುಧದ ತೂಕವನ್ನು ಅರ್ಧಕ್ಕಿಳಿಸಿದರೆ ಹಿಂದಕ್ಕೆ ಬರುವ ವೇಗ ಇಮ್ಮಡಿ, ಒದೆತದ ಶಕ್ತಿಯೂ ಇಮ್ಮಡಿ. ಏಳೂವರೆ ಅಂಗುಲ ನಳಿಗೆಯ ರೂಗರ್ ಸೂಪರ್ ರೆಡ್‌ಹಾಕ್ ಸುಮಾರು ಒಂದೂವರೆ ಕಿಲೋ ತೂಗುತ್ತದೆ. ಅದರಲ್ಲಿ .44 ಮ್ಯಾಗ್ನಮ್ ಹಾರಿಸುವುದು ಅಭ್ಯಾಸವಾದವರಿಗೆ ಹಿತವೆನಿಸುವಷ್ಟು ಸೌಮ್ಯ. ಸ್ಕ್ಯಾಂಡಿಯಂ ಬೆರೆತ ಅಲ್ಯೂಮಿನಿಯಂ ಚೌಕಟ್ಟಿನ ಸ್ಮಿತ್ ಅಂಡ್ ವೆಸನ್ 329 ಪಿಡಿ ಕೂಡ .44 ಮ್ಯಾಗ್ನಮ್‌ನದೇ, ತೂಕ ಮಾತ್ರ 710 ಗ್ರಾಂ ಆಸುಪಾಸು. ಬೆಟ್ಟ ಹತ್ತುವವನ ಸೊಂಟಕ್ಕೆ ಅದು ದೊಡ್ಡ ಉಪಕಾರ. ಆದರೆ ಪೂರ್ಣ ಬಿರುಸಿನ ತೋಟಾ ಹಾಕಿದರೆ ಹಿಡಿಯ ಹಿಂಭಾಗ ಹೆಬ್ಬೆರಳಿನ ಬುಡಕ್ಕೆ ಬಡಿಯುವ ರೀತಿಗೆ ಎರಡನೆಯ ಸುತ್ತು ತುಂಬುವ ಮನಸ್ಸೇ ಬಾರದು.

ಹಗುರ ರಿವಾಲ್ವರಿನ ಇನ್ನೊಂದು ಅಪಾಯವನ್ನು ಅನೇಕರು ಕೊಂಡ ಮೇಲೆ ಕಲಿಯುತ್ತಾರೆ. ಒದೆತದಲ್ಲಿ ಆಯುಧ ಥಟ್ಟನೆ ಹಿಂದಕ್ಕೆ ಜಿಗಿದಾಗ ಸಿಲಿಂಡರ್‌ನಲ್ಲಿ ಇನ್ನೂ ಹಾರದೆ ಉಳಿದ ತೋಟಾಗಳ ಹಿತ್ತಾಳೆ ಕೊಳವೆಯೂ ಅದರ ಜೊತೆಗೇ ಹಿಂದಕ್ಕೆ ಸರಿಯುತ್ತದೆ, ಭಾರವಾದ ಗುಂಡು ಇದ್ದಲ್ಲೇ ಉಳಿಯಲು ನೋಡುತ್ತದೆ. ಕೊಳವೆಯ ಬಾಯಿ ಗುಂಡನ್ನು ಬಿಗಿಯಾಗಿ ಕಚ್ಚಿಕೊಂಡಿರದಿದ್ದರೆ ಗುಂಡು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಹೊರಬಂದು, ಕೊನೆಗೆ ಅದರ ಮೂಗು ಸಿಲಿಂಡರ್‌ನ ಮುಂಬದಿಯಿಂದ ಚಾಚಿ ಚೌಕಟ್ಟಿಗೆ ತಾಗುತ್ತದೆ. ಅಲ್ಲಿಗೆ ಸಿಲಿಂಡರ್ ತಿರುಗುವುದು ನಿಂತಿತು. ಪರೀಕ್ಷೆ ಸುಲಭ: ನಿಮ್ಮ ತೋಟಾವನ್ನೇ ತುಂಬಿ, ಒಂದನ್ನು ಬಿಟ್ಟು ಉಳಿದವನ್ನು ಹಾರಿಸಿ, ಉಳಿದದ್ದರ ಉದ್ದವನ್ನು ಕ್ಯಾಲಿಪರ್‌ನಿಂದ ಅಳೆದು ಮೊದಲಿನ ಅಳತೆಗೆ ಹೋಲಿಸಿ. ಬೆಳೆದಿದ್ದರೆ ಆ ತೋಟಾ ಆ ರಿವಾಲ್ವರಿಗೆ ಬೇಡ.

ಇನ್ನು ದುಬಾರಿ ಬೆಲೆ ಎಲ್ಲಿಗೆ ಹೋಗುತ್ತದೆ? ರಿವಾಲ್ವರಿನ ಮೂಲ ಕಷ್ಟವನ್ನು ಅರಿತರೆ ಇದಕ್ಕೆ ಉತ್ತರ ಸಿಗುತ್ತದೆ. ಬಂದೂಕಿನಲ್ಲಿ ತೋಟಾ ಕೂರುವ ಜಾಗವೂ ನಳಿಗೆಯೂ ಒಂದೇ ಉಕ್ಕಿನಲ್ಲಿ ಕೊರೆದವು. ರಿವಾಲ್ವರಿನಲ್ಲಿ ಹಾಗಲ್ಲ. ತೋಟಾದ ಗೂಡುಗಳು ತಿರುಗುವ ಸಿಲಿಂಡರ್‌ನಲ್ಲಿರುತ್ತವೆ, ನಳಿಗೆ ಬೇರೆಯೇ. ತೋಟಾದ ಹಿಂಬದಿಗೆ ಬಡಿಯುವ ಹ್ಯಾಮರ್ ಬೀಳುವ ಗಳಿಗೆಯಲ್ಲಿ ಆರು ಗೂಡುಗಳಲ್ಲಿ ಸರದಿಗೆ ಬಂದದ್ದು ನಳಿಗೆಯ ನೇರಕ್ಕೆ ಬಂದು ಗಟ್ಟಿಯಾಗಿ ನಿಲ್ಲಬೇಕು. ಗುಂಡು ಆ ಗೂಡಿನಿಂದ ಹೊರಟು, ನಡುವಿನ ಸಣ್ಣ ಸಂದನ್ನು ಹಾರಿ, ನಳಿಗೆಯ ಹಿಂಬದಿಯಲ್ಲಿ ಆಲಿಕೆಯಂತೆ ಅಗಲವಾಗಿ ಕೊರೆದ ಫೋರ್ಸಿಂಗ್ ಕೋನ್‌ಗೆ ಬೀಳುತ್ತದೆ. ಗೂಡು ಒಂದು ಎಳೆ ಅತ್ತಿತ್ತ ಇದ್ದರೂ ಗುಂಡಿನ ಒಂದು ಪಕ್ಕ ಆ ಕೋನ್‌ಗೆ ಉಜ್ಜಿ, ಸೀಸ ಸುಲಿದು, ಗುರಿ ಕೆಡುತ್ತದೆ. ಗೂಡಿನ ಮುಂಬಾಯಿ ಗುಂಡಿಗಿಂತ ಕಿರಿದಾಗಿದ್ದರೆ ಗುಂಡು ಅಲ್ಲೇ ಸಣ್ಣದಾಗಿ ನಳಿಗೆಯೊಳಗೆ ಸಡಿಲವಾಗಿ ಓಡುತ್ತದೆ. ಅಗ್ಗದ ರಿವಾಲ್ವರಿನಲ್ಲಿ ಆರು ಗೂಡುಗಳ ಅಳತೆ ಆರು ಬಗೆ ಇರುವುದು ಅಪರೂಪವಲ್ಲ.

ವಯೋಮಿಂಗ್ ರಾಜ್ಯದ ಫ್ರೀಡಂ ಎಂಬ ಪುಟ್ಟ ಊರಿನ ಫ್ರೀಡಂ ಆರ್ಮ್ಸ್ ಈ ಕಷ್ಟಕ್ಕೆ ಕಂಡುಕೊಂಡ ದಾರಿ ನನಗೆ ಬಹಳ ಮೆಚ್ಚುಗೆಯದು. ಅವರು ಗೂಡುಗಳನ್ನು ಬೇರೆಡೆ ಕೊರೆದು ಆಮೇಲೆ ಜೋಡಿಸುವುದಿಲ್ಲ. ಸಿಲಿಂಡರ್ ಅನ್ನು ಅದೇ ರಿವಾಲ್ವರಿನ ಚೌಕಟ್ಟಿಗೆ ಕೂರಿಸಿ, ಬೀಗ ಬಿದ್ದ ಸ್ಥಿತಿಯಲ್ಲೇ ನಳಿಗೆಯ ನೇರಕ್ಕೆ ಒಂದೊಂದು ಗೂಡನ್ನೂ ಕೊರೆಯುತ್ತಾರೆ. ಹೀಗಾಗಿ ಆ ಸಿಲಿಂಡರ್ ಆ ಚೌಕಟ್ಟಿಗೆ ಮಾತ್ರ ಸೇರಿದ್ದು. 1950ರ ದಶಕದಲ್ಲಿ ಡಿಕ್ ಕ್ಯಾಸಲ್ ರೂಪಿಸಿದ .454 ಕ್ಯಾಸಲ್ ತೋಟಾಕ್ಕೆ 1983ರಲ್ಲಿ ಮೊದಲ ಕಾರ್ಖಾನೆ ರಿವಾಲ್ವರ್ ತಂದವರೂ ಇವರೇ. ಅದರ ಒತ್ತಡದ ಮಿತಿ ಚದರ ಅಂಗುಲಕ್ಕೆ 65,000 ಪೌಂಡ್, .44 ಮ್ಯಾಗ್ನಮ್‌ನದು 36,000. ಅಷ್ಟು ಒತ್ತಡ ತಡೆಯಲು ಸಿಲಿಂಡರ್‌ನಲ್ಲಿ ಆರರ ಬದಲು ಐದೇ ಗೂಡು. ಬೆಲೆ ಸಾಮಾನ್ಯ ರೂಗರ್‌ನ ಎರಡು ಮೂರು ಪಟ್ಟು, ಕಾಯುವ ಕಾಲವೂ ದೀರ್ಘ. ಜರ್ಮನಿಯ ಕೋರ್ತ್, ಫ್ರಾನ್ಸಿನ ಮನುರ್‍ಯಾ ಎಂಆರ್ 73 ಇದೇ ದರ್ಜೆಯ ಕುಸುರಿಯವು, ಆದರೆ ಅವುಗಳ ಹೆಸರು .357ರಲ್ಲಿ ಗಳಿಸಿದ್ದು. 2020ರಲ್ಲಿ ಮತ್ತೆ ಬಂದ ಕೋಲ್ಟ್ ಪೈಥಾನ್ ಕೂಡ .357. ಅದರ ಅಣ್ಣನಂಥ .44ರ ಅನಕೊಂಡ 2021ರಲ್ಲಿ ಮರಳಿತು.

ಆದರೂ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಹೊಳಪು, ಕೆತ್ತನೆ, ದಂತದ ಬಣ್ಣದ ಹಿಡಿಗೆ ಕೊಟ್ಟ ಹಣ ಕಾಡಿನಲ್ಲಿ ಕೆಲಸಕ್ಕೆ ಬರುವುದಿಲ್ಲ. ಮಳೆ, ಬೆವರು, ಉಪ್ಪುನೀರಿನ ನಡುವೆ ಇರುವ ಆಯುಧಕ್ಕೆ ಸ್ಟೇನ್‌ಲೆಸ್ ಉಕ್ಕು, ಕೈಗೆ ಹೊಂದುವ ರಬ್ಬರ್ ಹಿಡಿ, ಒಂದೇ ಅಳತೆಯ ಗೂಡುಗಳು, ಮಬ್ಬಿನಲ್ಲೂ ಕಾಣುವ ಮುಂಗುರಿ ಇದ್ದರೆ ಸಾಕು.

ಸಿಂಗಲ್ ಆಕ್ಷನ್ನೋ ಡಬಲ್ ಆಕ್ಷನ್ನೋ ಎಂಬುದು ರುಚಿಯ ಪ್ರಶ್ನೆಯೆಂದು ತೋರುತ್ತದೆ, ಹಾಗಲ್ಲ. ಸಿಂಗಲ್ ಆಕ್ಷನ್‌ನಲ್ಲಿ ಪ್ರತಿ ಈಡಿಗೂ ಹೆಬ್ಬೆರಳಿನಿಂದ ಹ್ಯಾಮರ್ ಹಿಂದಕ್ಕೆಳೆಯಬೇಕು. ಅದರ ಬಾಗಿದ ಹಿಡಿ ಒದೆತದಲ್ಲಿ ಅಂಗೈಯೊಳಗೆ ಮೇಲಕ್ಕೆ ಹೊರಳಿ ಹೊಡೆತವನ್ನು ಹಂಚುತ್ತದೆ. ಒಂದೇ ಈಡಿನ ಶಿಕಾರಿಗೆ ಇದು ಒಳ್ಳೆಯದು. ಕಾವಲಿಗೆ ಒಯ್ಯುವಾಗ ಮಾತ್ರ, ಟ್ರಿಗರ್ ಎಳೆದರೆ ಹ್ಯಾಮರ್ ತಾನೇ ಹಿಂದೆ ಸರಿದು ಬೀಳುವ ಡಬಲ್ ಆಕ್ಷನ್ ಬೇಕು. ಕರಡಿ ಪೊದೆಯಿಂದ ಹೊರಟ ಮೇಲೆ ಹ್ಯಾಮರ್ ಹುಡುಕಲು ಸಮಯವಿರುವುದಿಲ್ಲ, ಒಂದು ಕೈ ಕೆಳಗೆ ಸಿಕ್ಕಿಕೊಂಡಿರಲೂಬಹುದು. ಹಳೆಯ ವಿನ್ಯಾಸದ ಸಿಂಗಲ್ ಆಕ್ಷನ್‌ಗಳಲ್ಲಿ ಇನ್ನೊಂದು ಎಚ್ಚರ ಬೇಕು. ರೂಗರ್ 1973ರಿಂದ ಟ್ರಾನ್ಸ್‌ಫರ್ ಬಾರ್ ಅಳವಡಿಸಿದೆ, ಟ್ರಿಗರ್ ಎಳೆಯದೆ ಹ್ಯಾಮರ್‌ನ ಪೆಟ್ಟು ತೋಟಾಕ್ಕೆ ತಲುಪುವುದಿಲ್ಲ. ಅದಕ್ಕೂ ಹಿಂದಿನವುಗಳನ್ನು, ಹಾಗೆಯೇ ಫ್ರೀಡಂ ಆರ್ಮ್ಸ್‌ನ 83ನೇ ಮಾದರಿಯನ್ನು, ಹ್ಯಾಮರ್ ಕೆಳಗಿನ ಗೂಡು ಖಾಲಿ ಬಿಟ್ಟೇ ಒಯ್ಯಬೇಕು. ಐದು ಗೂಡಿನದ್ದರಲ್ಲಿ ನಿಮ್ಮ ಬಳಿ ಇರುವುದು ನಾಲ್ಕು ತೋಟಾ ಎಂದಾಯಿತು.

ಸಿಲಿಂಡರ್ ಮತ್ತು ನಳಿಗೆಯ ನಡುವಿನ ಸಂದಿನ ಬಗ್ಗೆ ಹೊಸಬರಿಗೆ ಯಾರೂ ಮೊದಲೇ ಹೇಳುವುದಿಲ್ಲ. ಒಂದು ಮಿಲಿಮೀಟರ್‌ನ ಹತ್ತನೇ ಒಂದು ಭಾಗದಷ್ಟೋ ಸ್ವಲ್ಪ ಹೆಚ್ಚೋ ಇರುವ ಆ ಸಂದಿನಿಂದ ಪ್ರತಿ ಈಡಿಗೂ ಸುಡುವ ಅನಿಲ ಎರಡೂ ಪಕ್ಕಕ್ಕೆ ಚಿಮ್ಮುತ್ತದೆ. ಬಂದೂಕು ಹಿಡಿದ ಅಭ್ಯಾಸದವರು ಎಡಗೈಯನ್ನು ಮುಂದೆ ನಳಿಗೆಯ ಕೆಳಗೆ ಚಾಚುತ್ತಾರೆ. .460, .500ರಂಥ ತೋಟಾಗಳಲ್ಲಿ ಆ ಅನಿಲ ಬೆರಳನ್ನು ಎಲುಬಿನವರೆಗೂ ಸೀಳಬಲ್ಲದು. ಎರಡೂ ಕೈ ಸಿಲಿಂಡರ್‌ನ ಹಿಂದೆಯೇ ಇರಬೇಕು. ಕಿವಿಗೂ ಇಷ್ಟೇ ಕಾಳಜಿ ಬೇಕು: ಮ್ಯಾಗ್ನಮ್‌ನ ಸದ್ದು 160 ಡೆಸಿಬೆಲ್ ಮುಟ್ಟುತ್ತದೆ, 140 ದಾಟಿದ ಒಂದೇ ಸದ್ದು ಶ್ರವಣಶಕ್ತಿಗೆ ಶಾಶ್ವತ ಹಾನಿ ಮಾಡಬಲ್ಲದು. ನಳಿಗೆಯ ತುದಿಯಲ್ಲಿ ಒದೆತ ತಗ್ಗಿಸುವ ರಂಧ್ರಗಳಿದ್ದರೆ ಸದ್ದು ಇನ್ನೂ ಹೊಡೆಯುವವನ ಕಡೆಗೇ ತಿರುಗುತ್ತದೆ.

ತೋಟಾ ಆಯ್ಕೆಯಲ್ಲಿ ಮ್ಯಾಗ್ನಮ್ ರಿವಾಲ್ವರಿನ ದೊಡ್ಡ ಅನುಕೂಲ ಹಳೆಯ ಗಿಡ್ಡ ತೋಟಾಗಳು. .357ರಲ್ಲಿ .38 ಸ್ಪೆಷಲ್, .44 ಮ್ಯಾಗ್ನಮ್‌ನಲ್ಲಿ .44 ಸ್ಪೆಷಲ್, .454ರಲ್ಲಿ .45 ಕೋಲ್ಟ್ ಹಾರಿಸಬಹುದು. ತಿಂಗಳ ಅಭ್ಯಾಸ ಅದರಲ್ಲೇ ನಡೆಯಲಿ, ಪೂರ್ಣ ಬಿರುಸಿನದ್ದು ಕೊನೆಯ ಕೆಲವು ಈಡಿಗೆ ಸಾಕು. ಗಿಡ್ಡ ತೋಟಾ ಗೂಡಿನ ಮುಂಭಾಗದಲ್ಲಿ ಮಸಿಯ ಉಂಗುರ ಬಿಡುತ್ತದೆ. ಅದನ್ನು ಉಜ್ಜಿ ತೆಗೆಯದಿದ್ದರೆ ಉದ್ದ ತೋಟಾ ಒಳಹೋಗಲು ತಡವರಿಸುತ್ತದೆ. ಜಿಂಕೆಗೆ ಹಿಗ್ಗುವ ಮೂಗಿನ ಗುಂಡು ಸರಿ. ಕರಡಿ, ದೊಡ್ಡ ಜಿಂಕೆ ಜಾತಿಯ ಎಲ್ಕ್‌ನಂಥ ದಪ್ಪ ಮೂಳೆಯ ಮೃಗಕ್ಕೆ ಹಿಗ್ಗದೆ ಆಳಕ್ಕೆ ಇಳಿಯುವ, ಚಪ್ಪಟೆ ಮೂಗಿನ ಗಟ್ಟಿ ಸೀಸದ ಗುಂಡನ್ನು ಅನುಭವಿಗಳು ಬಳಸುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಮಾತ್ರ ಅದಕ್ಕೆ ಅವಕಾಶವಿಲ್ಲ. ಸೀಸ ತಿಂದು ಸಾಯುತ್ತಿದ್ದ ಕಾಂಡೋರ್ ರಣಹದ್ದುಗಳನ್ನು ಉಳಿಸಲು ಶುರುವಾದ ನಿರ್ಬಂಧ 2019ರ ಜುಲೈನಿಂದ ಆ ರಾಜ್ಯದ ಎಲ್ಲ ಬೇಟೆಗೂ ಅನ್ವಯವಾಗಿದೆ. ಅಲ್ಲಿ ತಾಮ್ರದ ಗುಂಡೇ ಗತಿ.

ಕರಡಿಯ ವಿಷಯ ಬಂದಾಗ ಮಾರಾಟದ ಮಾತಿಗಿಂತ ಅಧ್ಯಯನ ನಂಬುವುದು ಲೇಸು. ಕರಡಿಗಳ ಸಂಶೋಧಕರಾದ ಟಾಮ್ ಸ್ಮಿತ್, ಸ್ಟೀಫನ್ ಹೆರೆರೊ ಮತ್ತು ಸಂಗಡಿಗರು 1883ರಿಂದ 2009ರವರೆಗೆ ಅಲಾಸ್ಕಾದಲ್ಲಿ ಬಂದೂಕು ಜೊತೆಗಿದ್ದಾಗ ನಡೆದ 269 ಕರಡಿ ಮುಖಾಮುಖಿಗಳನ್ನು ಪರಿಶೀಲಿಸಿ 2012ರಲ್ಲಿ ಪ್ರಕಟಿಸಿದರು. ಆಯುಧ ಬಳಸಿದವರಿಗೂ ಬಳಸದವರಿಗೂ ಗಾಯದ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅವರೇ 2008ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ಮೆಣಸಿನ ಸಾರದ ಸ್ಪ್ರೇ ಹಿಡಿದವರಲ್ಲಿ ನೂರಕ್ಕೆ 98 ಮಂದಿ ಗಾಯವಿಲ್ಲದೆ ಪಾರಾಗಿದ್ದರು. ಎರಡು ಅಧ್ಯಯನಗಳ ಸನ್ನಿವೇಶಗಳು ಒಂದೇ ಬಗೆಯವಲ್ಲ, ನೇರ ಪೈಪೋಟಿ ಮಾಡಿಸಬಾರದು. ಆದರೂ ಸೊಂಟದಲ್ಲಿ ರಿವಾಲ್ವರ್ ಇದ್ದರೂ ಸ್ಪ್ರೇ ಕೈಗೆಟಕುವಲ್ಲಿ ಇರಲಿ. ಅಲಾಸ್ಕಾದ ಮೀನು ಹಿಡಿಯುವವರು, ಮಾರ್ಗದರ್ಶಿಗಳು ರಿವಾಲ್ವರನ್ನು ಎದೆಯ ಮೇಲಿನ ಚರ್ಮದ ಚೀಲದಲ್ಲಿ ಕಟ್ಟಿಕೊಳ್ಳುತ್ತಾರೆ. ಬೆನ್ನುಚೀಲದ ಪಟ್ಟಿ ಸೊಂಟವನ್ನು ಆವರಿಸಿದರೂ, ಹೊಳೆಯಲ್ಲಿ ಸೊಂಟದವರೆಗೆ ನೀರಿದ್ದರೂ, ಆಯುಧ ಒಣಗಿ ಕೈಹತ್ತಿರ ಇರುತ್ತದೆ. ಬೆನ್ನುಚೀಲದೊಳಗೆ ಮಡಿಸಿಟ್ಟದ್ದು ಇಲ್ಲದ್ದಕ್ಕೆ ಸಮ.

ಅಮೆರಿಕದಲ್ಲಿರುವ ಕನ್ನಡಿಗರು ಕಾನೂನನ್ನು ಮೊದಲೇ ತಿಳಿದುಕೊಳ್ಳಬೇಕು. ಎಚ್-1ಬಿ, ಎಫ್-1ರಂಥ ತಾತ್ಕಾಲಿಕ ವೀಸಾದವರು ಬಂದೂಕು ಕೊಳ್ಳುವುದಷ್ಟೇ ಅಲ್ಲ, ಇಟ್ಟುಕೊಳ್ಳುವುದೂ ಫೆಡರಲ್ ಕಾನೂನಿನಂತೆ ನಿಷಿದ್ಧ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಹೊಂದಿರುವುದು ಅದಕ್ಕಿರುವ ವಿನಾಯಿತಿಗಳಲ್ಲಿ ಒಂದು. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ಪರವಾನಗಿ ಪಡೆದ ಅಂಗಡಿಯಿಂದ ರಿವಾಲ್ವರ್ ಕೊಳ್ಳಲು 21 ವರ್ಷ ತುಂಬಿರಬೇಕು. ಇದರ ಮೇಲೆ ರಾಜ್ಯರಾಜ್ಯದ ನಿಯಮ ಬೇರೆ: ಬೇಟೆಗೆ ನಳಿಗೆಯ ಕನಿಷ್ಠ ಉದ್ದ, ಕ್ಯಾಲಿಬರ್‌ನ ಕೆಳಮಿತಿ ಗೊತ್ತುಮಾಡಿದ ರಾಜ್ಯಗಳಿವೆ. ರಾಷ್ಟ್ರೀಯ ಉದ್ಯಾನಗಳಲ್ಲಿ 2010ರಿಂದ ಆಯಾ ರಾಜ್ಯದ ಕಾನೂನಿಗೆ ಒಳಪಟ್ಟು ಆಯುಧ ಒಯ್ಯಬಹುದು, ಬೇಟೆಯಾಡಲು ಬಹುತೇಕ ಕಡೆ ಅವಕಾಶವಿಲ್ಲ. ಬಂದೂಕಿನ ಅಪರಾಧ ಗಡೀಪಾರಿಗೆ ಕಾರಣವಾಗಬಲ್ಲದು, ಆದ್ದರಿಂದ ವಕೀಲರನ್ನು ಕೇಳಲು ಹಣ ಉಳಿಸಬೇಡಿ. ಭಾರತದಲ್ಲಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಶಿಕಾರಿಯ ಮಾತೇ ಇಲ್ಲ. ಕೊಡಗಿನಲ್ಲಿ ಕೋವಿಗೆ ಇರುವ ಪರವಾನಗಿ ವಿನಾಯಿತಿ ಬೇಟೆಗೆ ಕೊಟ್ಟ ಅನುಮತಿಯಲ್ಲ.

ಇಷ್ಟಾದ ಮೇಲೆ ನನ್ನ ಶಿಫಾರಸು: ಕರಡಿ ನಾಡಿನಲ್ಲಿ ಓಡಾಡಲು ನಾಲ್ಕು ಅಂಗುಲದ ಸ್ಟೇನ್‌ಲೆಸ್ .44, ಸ್ಮಿತ್ ಅಂಡ್ ವೆಸನ್ 629 ಅಥವಾ ರೂಗರ್ ರೆಡ್‌ಹಾಕ್. ಜಿಂಕೆ ಬೇಟೆಗೆ ಏಳೂವರೆ ಅಂಗುಲದ ಸೂಪರ್ ರೆಡ್‌ಹಾಕ್, ಹಣವಿದ್ದರೆ ಫ್ರೀಡಂ ಆರ್ಮ್ಸ್ 83. .500 ಬೇಕೆನ್ನುವವರು ಬಾಡಿಗೆಗೆ ಬಂದೂಕು ಕೊಡುವ ಗುರಿತಾಣದಲ್ಲಿ ಮೊದಲು ಐದು ಈಡು ಹೊಡೆದು ನೋಡಲಿ.

ಹಳೆಯದನ್ನು ಕೊಳ್ಳುವಾಗ, ಖಾಲಿಯೆಂದು ಎರಡು ಬಾರಿ ಖಚಿತಪಡಿಸಿಕೊಂಡ ಮೇಲೆ, ಹ್ಯಾಮರನ್ನು ನಿಧಾನವಾಗಿ ಹಿಂದಕ್ಕೆಳೆದು ಪ್ರತಿ ಗೂಡೂ ಹ್ಯಾಮರ್ ನಿಲ್ಲುವ ಮೊದಲೇ ಬೀಗಕ್ಕೆ ಬೀಳುತ್ತದೆಯೇ ನೋಡಿ. ಸಿಲಿಂಡರ್ ಅನ್ನು ಬೆರಳಿನಿಂದ ಹಿಂದೆ ಮುಂದೆ ಅಲ್ಲಾಡಿಸಿ, ಆಟ ಹೆಚ್ಚಿದ್ದರೆ ಅದು ಬಿರುಸಿನ ತೋಟಾ ಬಹಳ ಕಂಡ ಆಯುಧ. ಕೊನೆಗೆ ಸಿಲಿಂಡರ್ ಹೊರಗೆ ತೆಗೆದು, ಟಾರ್ಚ್ ಬಿಟ್ಟು ಫೋರ್ಸಿಂಗ್ ಕೋನ್ ಪರೀಕ್ಷಿಸಿ, ಮುಖ್ಯವಾಗಿ ಅದರ ಕೆಳಭಾಗವನ್ನು. ಅಲ್ಲಿ ಬಿರುಕು ಕಂಡರೆ ಮಾರುವವರು ಎಷ್ಟೇ ಬೆಲೆ ಇಳಿಸಿದರೂ ತೆಗೆದುಕೊಳ್ಳಬೇಡಿ.